ಟ್ರಿನಿಡಾಡ್‌ಗೆ ರೈಲು ಮತ್ತೆ ಬರುತ್ತಾ? ಅಲ್ಲಿಯವರೆಗೆ ಓಡಾಡೋದು ಹೇಗೆ?

ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ಗೆ ಕೆಲಸಕ್ಕೋ ಓದಿಗೋ ಬರುವ ಕನ್ನಡಿಗರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ರೈಲು ಇಲ್ಲ. ಒಂದು ಕಾಲದಲ್ಲಿ ಚೆನ್ನಾಗಿಯೇ ಓಡುತ್ತಿತ್ತು, 1968ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಮತ್ತೆ ರೈಲು ತರುತ್ತೇವೆ ಎಂಬ ಮಾತು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಆ ಮಾತು ನಂಬಿ ಮನೆ ಹಿಡಿಯಬೇಡಿ. ಆದರೆ ಹಳೇ ರೈಲು ಯಾವ ದಾರಿಯಲ್ಲಿ ಹೋಗುತ್ತಿತ್ತು ಅಂತ ತಿಳಿದುಕೊಂಡರೆ ಮನೆ ಹಿಡಿಯೋಕೆ ತುಂಬಾ ಅನುಕೂಲ.

ಟ್ರಿನಿಡಾಡ್ ದ್ವೀಪ ಸುಮಾರು 4,800 ಚದರ ಕಿ.ಮೀ. ಇದೆ, ನಮ್ಮ ಕೊಡಗಿಗಿಂತ ಸ್ವಲ್ಪ ಜಾಸ್ತಿ. ಪಕ್ಕದ ಟೊಬೇಗೋ ದ್ವೀಪವನ್ನೂ ಸೇರಿಸಿದರೆ ದೇಶದ ಜನಸಂಖ್ಯೆ ಸುಮಾರು 14 ಲಕ್ಷ. ಇಷ್ಟು ಚಿಕ್ಕ ಜಾಗದಲ್ಲಿ ಟ್ರಾಫಿಕ್ ಯಾಕಿಷ್ಟು ಅಂತ ಹೊಸಬರಿಗೆ ಅನಿಸುತ್ತದೆ. ಕಾರಣ ಸರಳ. ಕಚೇರಿಗಳು ಹೆಚ್ಚಾಗಿ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿವೆ. ಜನ ವಾಸವಿರುವುದು ಪೂರ್ವದ ಅರೀಮಾ ಕಡೆ, ಇಲ್ಲಾ ದಕ್ಷಿಣದ ಚಗ್ವಾನಸ್, ಕೂವಾ, ಸ್ಯಾನ್ ಫರ್ನಾಂಡೋ ಕಡೆ. ಎಣ್ಣೆ, ಗ್ಯಾಸ್ ಇರುವ ದೇಶ, ಸರ್ಕಾರ ಬಹಳ ವರ್ಷ ಪೆಟ್ರೋಲ್‌ಗೆ ಸಬ್ಸಿಡಿ ಕೊಟ್ಟಿತು. ಹಾಗಾಗಿ ಕಾರು ಇಟ್ಟುಕೊಳ್ಳುವುದು ಇಲ್ಲಿ ಎಲ್ಲರ ರೂಢಿ. ಬೆಳಗ್ಗೆ ಆ ಕಾರುಗಳೆಲ್ಲ ಒಂದೇ ದಿಕ್ಕಿಗೆ ಹೊರಡುತ್ತವೆ.

ಹಳೇ ರೈಲೂ ಇದೇ ದಾರಿ ಹಿಡಿದಿತ್ತು. 1876ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಿಂದ ಅರೀಮಾವರೆಗೆ ಮೊದಲ ಮಾರ್ಗ ಶುರುವಾಯಿತು. 1882ಕ್ಕೆ ಸ್ಯಾನ್ ಫರ್ನಾಂಡೋ ಮುಟ್ಟಿತು. 1897ಕ್ಕೆ ಸಾಂಗ್ರೆ ಗ್ರಾಂಡೆ, 1914ಕ್ಕೆ ರಿಯೋ ಕ್ಲಾರೋ. ಕಬ್ಬು, ಕೋಕೋ ಸಾಗಿಸೋದು ಇದರ ದೊಡ್ಡ ಕೆಲಸ. ಆ ಕಬ್ಬಿನ ಗದ್ದೆಗಳಲ್ಲಿ ದುಡಿಯೋಕೆ 1845ರಿಂದ ಹಡಗು ಹತ್ತಿ ಬಂದ ಭಾರತೀಯರ ಊರುಗಳೂ ಈ ಹಳಿಗಳ ಪಕ್ಕದಲ್ಲೇ ಬೆಳೆದವು. ಆಮೇಲೆ ಬಸ್ಸು, ಕಾರು ಜಾಸ್ತಿಯಾದವು, ರೈಲಿಗೆ ನಷ್ಟವಾಯಿತು. ಒಂದೊಂದೇ ಮಾರ್ಗ ಮುಚ್ಚುತ್ತಾ ಬಂದು ಕೊನೆಗೆ ಎಲ್ಲವೂ ನಿಂತವು.

ಆದರೆ ಅರೀಮಾ ಮಾರ್ಗದ ಜಾಗವನ್ನು ಪೂರ್ತಿ ಕಳೆದುಕೊಳ್ಳಲಿಲ್ಲ. ಹಳಿ ತೆಗೆದು ಅಲ್ಲಿ ಬಸ್ಸುಗಳಿಗೆಂದೇ ರಸ್ತೆ ಮಾಡಿದರು. ಅದೇ ಪ್ರಯಾರಿಟಿ ಬಸ್ ರೂಟ್, ಇಲ್ಲಿಯವರ ಬಾಯಲ್ಲಿ ಬರೀ ಬಸ್ ರೂಟ್. ಪರವಾನಗಿ ಇಲ್ಲದ ಖಾಸಗಿ ಕಾರು ಇದರೊಳಗೆ ಹೋಗುವಂತಿಲ್ಲ, ಹೋದರೆ ದಂಡ. ಪಕ್ಕದ ಹೈವೇಯಲ್ಲಿ ಕಾರುಗಳು ಇಂಚಿಂಚು ಸರಿಯುವಾಗ ಇಲ್ಲಿ ಬಸ್ಸು, ಮ್ಯಾಕ್ಸಿ ಎಂಬ ಬಾಡಿಗೆ ವ್ಯಾನು ಓಡುತ್ತಲೇ ಇರುತ್ತವೆ. ಈ ದೇಶದಲ್ಲಿ ಇವತ್ತು ರೈಲಿನ ಕೆಲಸ ಮಾಡುತ್ತಿರುವುದು ಈ ರಸ್ತೆಯೇ. ಹಾಗಾಗಿ ಸೇಂಟ್ ಅಗಸ್ಟಿನ್‌ನಲ್ಲಿರುವ ವಿಶ್ವವಿದ್ಯಾಲಯಕ್ಕೆ ಬರುವವರು, ಕಾರು ಕೊಳ್ಳುವ ಯೋಚನೆ ಇಲ್ಲದವರು, ಕ್ಯೂರೀಪ್, ಟುನಾಪೂನಾ ಕಡೆ ಬಸ್ ರೂಟ್‌ಗೆ ನಡೆದು ಹೋಗುವಷ್ಟು ಹತ್ತಿರ ಮನೆ ನೋಡಿ.

ಮ್ಯಾಕ್ಸಿ ಅಂದರೆ ಬಿಳಿ ವ್ಯಾನು, ಮೈಮೇಲೆ ಬಣ್ಣದ ಪಟ್ಟಿ. ಪಟ್ಟಿ ನೋಡಿ ದಾರಿ ತಿಳಿಯಬೇಕು. ಕೆಂಪು ಅಂದರೆ ಪೂರ್ವಕ್ಕೆ, ಅರೀಮಾ ಕಡೆ. ಹಸಿರು ಅಂದರೆ ಚಗ್ವಾನಸ್, ಸ್ಯಾನ್ ಫರ್ನಾಂಡೋ. ಹಳದಿ ಪಶ್ಚಿಮಕ್ಕೆ, ಡಿಯಾಗೋ ಮಾರ್ಟಿನ್ ಕಡೆ. ರಾಜಧಾನಿಯ ದೊಡ್ಡ ನಿಲ್ದಾಣದ ಹೆಸರು ಸಿಟಿ ಗೇಟ್. ಅದು ಹಳೇ ರೈಲ್ವೆ ಸ್ಟೇಷನ್ನೇ. ಹತ್ತಿದ ಕೂಡಲೇ ಒಳಗಿರುವವರಿಗೆಲ್ಲ ಗುಡ್ ಮಾರ್ನಿಂಗ್ ಹೇಳೋದು ಇಲ್ಲಿಯ ಪದ್ಧತಿ. ಹೇಳದೆ ಸುಮ್ನೆ ಕೂತರೆ ಒರಟುತನ ಅಂದುಕೊಳ್ಳುತ್ತಾರೆ. ಇಳಿಯುವ ಜಾಗ ಬಂತು ಅಂದರೆ ಬೆಲ್ ಒತ್ತಿ. ಚಿಲ್ಲರೆ ಇಟ್ಟುಕೊಂಡಿರಿ. ಸರ್ಕಾರಿ ಬಸ್ಸಿಗೆ ಟಿಕೆಟ್ ಮೊದಲೇ ಕೊಂಡಿರಬೇಕು. ಬಾಡಿಗೆ ಟ್ಯಾಕ್ಸಿಯ ನಂಬರ್ ಪ್ಲೇಟ್ ಎಚ್ ಅಕ್ಷರದಿಂದ ಶುರುವಾಗುತ್ತದೆ. ಪಿ ಇದ್ದರೆ ಅದು ಖಾಸಗಿ ಕಾರು. ಬಾಡಿಗೆಗೆ ಕರೆದರೂ ಹತ್ತಬೇಡಿ, ಅದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯೂ ಕೈ ಹಿಡಿಯಲಿಕ್ಕಿಲ್ಲ.

ಇನ್ನು ಹೊಸ ರೈಲಿನ ಮಾತಿಗೆ ಬರೋಣ. ಪ್ಯಾಟ್ರಿಕ್ ಮ್ಯಾನಿಂಗ್ ಪ್ರಧಾನಿಯಾಗಿದ್ದಾಗ ರ‍್ಯಾಪಿಡ್ ರೈಲ್ ಯೋಜನೆ ಬಂತು. ಒಟ್ಟು 104 ಕಿ.ಮೀ. ಒಂದು ಕವಲು ಪೂರ್ವದ ಸಾಂಗ್ರೆ ಗ್ರಾಂಡೆಗೆ, ಇನ್ನೊಂದು ದಕ್ಷಿಣದ ಸ್ಯಾನ್ ಫರ್ನಾಂಡೋಗೆ. 2008ರಲ್ಲಿ ಟ್ರಿನಿಟ್ರೇನ್ ಎಂಬ ಫ್ರೆಂಚ್ ಕಂಪನಿಗಳ ಕೂಟಕ್ಕೆ ಗುತ್ತಿಗೆ ಸಿಕ್ಕಿತು. ಬೂಯ್ಗ್, ಆಲ್‌ಸ್ಟಾಮ್, ಪ್ಯಾರಿಸ್ ಮೆಟ್ರೋ ನಡೆಸುವ ಆರ್‌ಎಟಿಪಿ ಅದರಲ್ಲಿದ್ದವು. ಅಧ್ಯಯನ, ನಕ್ಷೆಗಳಿಗೇ ಕೋಟಿಗಟ್ಟಲೆ ಡಾಲರ್ ಖರ್ಚಾಯಿತು. 2010ರ ಮೇನಲ್ಲಿ ಚುನಾವಣೆ ನಡೆದು ಕಮಲಾ ಪ್ರಸಾದ್ ಬಿಸೇಸರ್ ಸರ್ಕಾರ ಬಂತು, ಯೋಜನೆ ರದ್ದಾಯಿತು. 2015ರಲ್ಲಿ ಕೀತ್ ರೌಲಿ ಅಧಿಕಾರಕ್ಕೆ ಬಂದ ಮೇಲೆ ಮತ್ತೆ ಚರ್ಚೆಯಾಯಿತು. ಅಷ್ಟರಲ್ಲಿ ಎಣ್ಣೆಯ ಬೆಲೆ ಕುಸಿದಿತ್ತು, ಮಾತು ಅಲ್ಲಿಗೇ ನಿಂತಿತು. 2025ರಲ್ಲಿ ಕಮಲಾ ಅವರೇ ಮತ್ತೆ ಪ್ರಧಾನಿಯಾಗಿದ್ದಾರೆ.

ನೋಡಿ, ತೊಂದರೆ ಬರೀ ರಾಜಕೀಯದ್ದಲ್ಲ. ಖಜಾನೆ ತುಂಬೋದು ಗ್ಯಾಸ್‌ನಿಂದ. ಗ್ಯಾಸ್ ಬೆಲೆ ಬಿದ್ದ ವರ್ಷ ದೊಡ್ಡ ಯೋಜನೆಗಳು ಮೊದಲು ಕತ್ತರಿಗೆ ಸಿಗುತ್ತವೆ. ರೈಲು ಕಟ್ಟೋಕೆ ಹತ್ತು ವರ್ಷ ಬೇಕು, ಸರ್ಕಾರದ ಅವಧಿ ಐದು ವರ್ಷ. ಜೊತೆಗೆ ಜನ ಕಡಿಮೆ. ಬೆಳಗ್ಗೆ ರಾಜಧಾನಿಗೆ ತುಂಬಿ ಹೋದ ಗಾಡಿ ವಾಪಸ್ ಖಾಲಿ ಬರಬೇಕಾಗುತ್ತದೆ. ದಕ್ಷಿಣದ ಹಳೇ ಮಾರ್ಗದ ಜಾಗವೂ ಈಗ ಹಾಗೇ ಉಳಿದಿಲ್ಲ.

ಪೂರ್ವದಲ್ಲಿ ಮಾತ್ರ ನನಗೆ ಭರವಸೆ ಇದೆ. ಬೆಟ್ಟದ ಬುಡದಲ್ಲಿ ಸ್ಯಾನ್ ವಾನ್, ಸೇಂಟ್ ಜೋಸೆಫ್, ಕ್ಯೂರೀಪ್, ಟುನಾಪೂನಾ, ಅರೀಮಾ ಎಲ್ಲ ಸಾಲಾಗಿ ಕೂತಿವೆ. ಸುಮಾರು 25 ಕಿ.ಮೀ. ಒಳಗೆ ಇಷ್ಟು ಊರು. ರೈಲಿಗೆ ಇದಕ್ಕಿಂತ ಒಳ್ಳೇ ದಾರಿ ಇನ್ನೆಲ್ಲಿ ಸಿಗಬೇಕು? ಜಾಗವೂ ಸರ್ಕಾರದ ಕೈಯಲ್ಲೇ ಇದೆ. ಆದರೆ ಗಂಟು ಬಿದ್ದಿರುವುದೂ ಇಲ್ಲೇ. ಬಸ್ ರೂಟ್ ಮೇಲೆ ಹಳಿ ಹಾಕಿದರೆ ಕೆಂಪು ಪಟ್ಟಿಯ ಮ್ಯಾಕ್ಸಿಗಳು ಎಲ್ಲಿ ಹೋಗಬೇಕು? ಒಂದೊಂದು ಮ್ಯಾಕ್ಸಿಯೂ ಒಂದೊಂದು ಮನೆಯ ದುಡಿಮೆ. ಬ್ಯಾಂಕ್ ಸಾಲ ಮಾಡಿ ಕೊಂಡ ಗಾಡಿಗಳವು. ಆ ಮ್ಯಾಕ್ಸಿಯವರನ್ನು ಸ್ಟೇಷನ್‌ನಿಂದ ಒಳಗಿನ ಬೀದಿಗಳಿಗೆ ಜನರನ್ನು ಮುಟ್ಟಿಸುವ ಕೆಲಸಕ್ಕೆ ಸೇರಿಸಿಕೊಳ್ಳದೆ ಯಾವ ರೈಲೂ ಇಲ್ಲಿ ನಡೆಯಲಾರದು. 104 ಕಿ.ಮೀ. ಒಟ್ಟಿಗೇ ಎತ್ತಿಕೊಳ್ಳದೆ ಅರೀಮಾವರೆಗೆ ಮಾತ್ರ ಮೊದಲು ಕಟ್ಟಲಿ ಅನ್ನೋದು ನನ್ನ ಅಭಿಪ್ರಾಯ. ಅದೂ ಕೂಡಲೇ ಆಗದಿದ್ದರೆ ಇದೇ ರಸ್ತೆಯಲ್ಲಿ ದೊಡ್ಡ ಬಸ್ಸುಗಳನ್ನು ವೇಳೆಗೆ ಸರಿಯಾಗಿ ಓಡಿಸಲಿ.

ಸುತ್ತಲಿನ ದೇಶಗಳ ಕಥೆಯೂ ಬೇರೆ ಬೇರೆ. ಜಮೈಕಾದಲ್ಲಿ 1845ರಲ್ಲೇ ರೈಲು ಬಂದಿತ್ತು, 1992ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. 2011ರಲ್ಲಿ ಸ್ವಲ್ಪ ದೂರ ಮತ್ತೆ ಓಡಿಸಿ ನೋಡಿದರು, ಮರುವರ್ಷವೇ ನಿಲ್ಲಿಸಿದರು. ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟೋ ಡೊಮಿಂಗೋದಲ್ಲಿ ಮಾತ್ರ 2009ರಿಂದ ಮೆಟ್ರೋ ಓಡುತ್ತಿದೆ. ಅದು ಲಕ್ಷಾಂತರ ಜನ ಒತ್ತಾಗಿ ಬದುಕುವ ದೊಡ್ಡ ನಗರ.

ದಕ್ಷಿಣದಲ್ಲಿ ಇರುವವರಿಗೆ ವಾಟರ್ ಟ್ಯಾಕ್ಸಿ ಇದೆ. 2008ರ ಕೊನೆಯಿಂದ ಸ್ಯಾನ್ ಫರ್ನಾಂಡೋ, ಪೋರ್ಟ್ ಆಫ್ ಸ್ಪೇನ್ ನಡುವೆ ದೋಣಿ ಓಡುತ್ತಿದೆ, ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಮುಖ್ಯವಾಗಿ ಕೆಲಸದ ದಿನಗಳ ಅನುಕೂಲಕ್ಕೆ ಇರುವುದು, ವೇಳೆ ನೋಡಿಕೊಂಡು ಹೋಗಿ. ಕೂವಾ ಹತ್ತಿರದ ಪಾಯಿಂಟ್ ಲೀಸಸ್ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರು ರಾಜಧಾನಿಯಲ್ಲಿ ಮನೆ ಮಾಡಲೇಬೇಡಿ. ಕೂವಾ ಅಥವಾ ಚಗ್ವಾನಸ್ ಸಾಕು. ಅಲ್ಲಿಂದ ಕ್ಯಾರಪಿಚೈಮಾ ಹತ್ತಿರ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಾತ್ರೇಯ ಮಂದಿರ, 85 ಅಡಿಯ ಹನುಮಂತ ಇರುವುದು ಅಲ್ಲೇ. ರಾಜಧಾನಿಯಿಂದ ಬರುವವರು ಹಸಿರು ಪಟ್ಟಿಯ ಮ್ಯಾಕ್ಸಿಯಲ್ಲಿ ಚಗ್ವಾನಸ್‌ಗೆ ಬಂದು, ಅಲ್ಲಿಂದ ಎಚ್ ನಂಬರಿನ ಟ್ಯಾಕ್ಸಿ ಹಿಡಿಯಬಹುದು. ಭಾನುವಾರ ಗಾಡಿಗಳು ಕಡಿಮೆ, ಕತ್ತಲಾಗುವ ಮುಂಚೆ ವಾಪಸ್ ಹೊರಡಿ.