ಮಳೆ ರಜೆಯಲ್ಲಿ ಯಾವ ಮಗು ಪಾಠದಿಂದ ದೂರ ಉಳಿದಿದೆ?

ವಾಟ್ಸಾಪ್ ಗುಂಪಿಗೆ ಪಾಠ ಹಾಕುವ ಮೇಷ್ಟ್ರು, ಟೀಚರುಗಳು ಸಂಜೆ ಆ ಮೆಸೇಜನ್ನು ಒತ್ತಿ ಹಿಡಿದು 'ಇನ್ಫೋ' ನೋಡಿ. ಓದಿದವರು, ತಲುಪಿಯೂ ಓದದವರು ಬೇರೆ ಬೇರೆ ಕಾಣಿಸುತ್ತಾರೆ, ಎರಡರಲ್ಲೂ ಇಲ್ಲದವರ ಫೋನ್ ಆಫ್ ಆಗಿರುತ್ತದೆ ಇಲ್ಲವೇ ನೆಟ್ ಇರುವುದಿಲ್ಲ. ಬ್ಲೂ ಟಿಕ್ ಆಫ್ ಮಾಡಿಕೊಂಡವರದ್ದೂ ಗುಂಪಿನಲ್ಲಿ ಗೊತ್ತಾಗುತ್ತದೆ. ಪ್ರತಿ ಮಗುವಿನ ಹೆಸರಿನ ಮುಂದೆ ಕೊನೆಯ ಸಲ ಮಾತಾಡಿದ ತಾರೀಕು ಬರೆದಿಡಿ, ಹಳೇ ತಾರೀಕಿನವರಿಗೇ ಮೊದಲ ಫೋನ್. ದಿನಾ ಉತ್ತರ ಕೊಡುವ ಐದಾರು ಮಕ್ಕಳನ್ನು ನೋಡಿ ಎಲ್ಲರೂ ಇದ್ದಾರೆ ಅಂದುಕೊಳ್ಳುತ್ತೇವೆ ಅಲ್ವಾ, ಸುಮ್ನಿರುವವರು ಮರೆತೇ ಹೋಗುತ್ತಾರೆ. ಆದರೆ ಫೋನ್ ಅಪ್ಪನ ಜೊತೆ ತೋಟದಲ್ಲಿದ್ದರೆ ಓದಿದ್ದು ಅಪ್ಪ, ಮಗು ಅಲ್ಲ. ಶರಾವತಿ ಹಿನ್ನೀರಿನ ಕಡೆ ಕರೆಂಟ್ ಹೋಗಿ ಟವರೂ ಸತ್ತ ದಿನ ಇದು ನಡೆಯುವುದಿಲ್ಲ, ಡೈರಿಗೆ ಹಾಲು ತರುವವರ ಕೈಲಿ ಚೀಟಿ ಕಳಿಸಿ.