ಆಕಾಶದಲ್ಲಿ ಕಂಡ ದೀಪ: ನಾನು ಪರಿಶೀಲಿಸುವ ಕ್ರಮ

ಆಕಾಶದಲ್ಲಿ ಗುರುತಿಲ್ಲದ ದೀಪ ಕಂಡಿತೆಂದು ಯಾರಾದರೂ ಹೇಳಿದರೆ ಅದೇನೆಂದು ನಾನು ಪರಿಶೀಲಿಸುತ್ತೇನೆ. ಲಡಾಖ್ ಗಡಿಯಲ್ಲಿ 2012–13ರಲ್ಲಿ ನಮ್ಮ ಸೈನಿಕರು ರಾತ್ರಿ ಹೊಳೆಯುವ ವಸ್ತುಗಳನ್ನು ತಿಂಗಳುಗಟ್ಟಲೆ ದಾಖಲಿಸಿದರು. ಚೀನಾದ ಡ್ರೋನ್ ಇರಬಹುದೆಂಬ ಅನುಮಾನವಿತ್ತು. ಕೊನೆಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ಅವು ಶುಕ್ರ, ಗುರು ಗ್ರಹಗಳೆಂದು ಗುರುತಿಸಿದರು. ನಮ್ಮ ಕೊಡಗಿನಲ್ಲೂ ಮಾಜಿ ಸೈನಿಕರಿಲ್ಲದ ಊರು ಸಿಗುವುದು ಕಷ್ಟ. ದಿಕ್ಕು ಹೇಳುವುದರಲ್ಲಿ ಅವರು ಗಟ್ಟಿಗರು. ಆದರೆ ಕತ್ತಲಲ್ಲಿ ಒಂಟಿ ದೀಪದ ದೂರವನ್ನು ಎಂಥ ಪಳಗಿದ ಕಣ್ಣೂ ಅಳೆಯಲಾರದು. ಹಾಗಾಗಿ ‘ಎಷ್ಟು ದೂರ, ಎಷ್ಟು ದೊಡ್ಡದು’ ಎಂದು ನಾನು ಕೇಳುವುದೇ ಇಲ್ಲ. ದಿಕ್ಕು, ಎತ್ತರದ ಕೋನ (ದಿಗಂತದಿಂದ ಎಷ್ಟು ಡಿಗ್ರಿ ಮೇಲೆ), ಗಂಟೆ ಈ ಮೂರನ್ನೇ ಹಿಡಿಯುತ್ತೇನೆ.

ನೋಡಿದವರನ್ನು ಅದೇ ಜಾಗದಲ್ಲಿ, ಕಾಫಿ ಕಣವಾದರೆ ಕಣದಲ್ಲೇ, ಒಬ್ಬೊಬ್ಬರನ್ನಾಗಿ ನಿಲ್ಲಿಸುತ್ತೇನೆ. ಯಾವ ಸಿಲ್ವರ್ ಓಕ್ ಮರದ ಪಕ್ಕ, ಯಾವ ಕೊಂಬೆಯ ಮೇಲೆ ಕಂಡಿತು ಎಂದು ಬೆರಳು ತೋರಿಸಲಿ. ಅಲ್ಲಿಗೆ ದಿಕ್ಸೂಚಿ ಹಿಡಿದು ಡಿಗ್ರಿ ಬರೆಯುತ್ತೇನೆ. ಜೀಪು, ಶೀಟಿನ ಮಾಡು, ಕಬ್ಬಿಣದ ಗೇಟು ಹತ್ತಿರವಿದ್ದರೆ ಮುಳ್ಳು ವಾಲುತ್ತದೆ. ಹತ್ತಿಪ್ಪತ್ತು ಹೆಜ್ಜೆ ಸರಿಯಬೇಕು. ಎತ್ತರಕ್ಕೆ ಶಾಲೆಯ ಕೋನಮಾಪಕದ ನಡುವಿನಿಂದ ದಾರ ಇಳಿಬಿಟ್ಟು, ತುದಿಗೆ ಒಂದು ನಟ್ ಕಟ್ಟಿದರೆ ಸಾಕು. ಅದೂ ಇಲ್ಲವೇ, ಕೈ ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ.

ವಿಡಿಯೋ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದರೆ ಸಂಕುಚಿತವಾಗಿರುತ್ತದೆ, ಫೈಲಿನೊಳಗಿನ ಸಮಯದ ವಿವರವೂ ನಂಬಲು ಬರುವುದಿಲ್ಲ. ಮೂಲ ಫೈಲನ್ನೇ ಡಾಕ್ಯುಮೆಂಟಾಗಿ ಕೇಳಿ ಪಡೆಯುತ್ತೇನೆ. ಜೂಮ್ ಮಾಡಿದಾಗ ಕಾಣುವ ‘ತಟ್ಟೆ’ ಬಹುಪಾಲು ಫೋಕಸ್ ತಪ್ಪಿದ ಚುಕ್ಕೆ. ಚೌಕಟ್ಟಿನಲ್ಲಿ ಮರವೋ ಮಾಡಿನ ಅಂಚೋ ಇಲ್ಲದಿದ್ದರೆ ಅಲುಗಾಡಿದ್ದು ದೀಪವೋ ಕೈಯೋ ತಿಳಿಯದು.

ನಮ್ಮಲ್ಲಿ ಹೆಚ್ಚು ಗೊಂದಲ ಸಂಜೆಯ ಪಡುವಣದಲ್ಲೇ. ಕೇರಳದ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ವಿರಾಜಪೇಟೆ ಕಡೆಯಿಂದ ಅದು ನೈರುತ್ಯಕ್ಕೆ ಬೀಳುತ್ತದೆ. ಅಲ್ಲಿಂದ ಏರಿ ನೇರ ನಮ್ಮತ್ತ ಬರುವ ವಿಮಾನದ ದೀಪ ನಿಮಿಷಗಟ್ಟಲೆ ನಿಂತಂತೆ ಕಂಡು, ತಿರುಗಿದ ಕೂಡಲೇ ಮಾಯವಾಗುತ್ತದೆ. ಶುಕ್ರ ಹಾಗಲ್ಲ: ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಜಾರುತ್ತದೆ, ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಹೆಚ್ಚು ದೂರ ಹೋಗದ ಕಾರಣ ಮಧ್ಯರಾತ್ರಿ ಪಡುವಣದಲ್ಲಿ ಇರಲಾರದು. ವಿಮಾನದ ಜಾಡು ತೋರಿಸುವ ತಾಣಗಳು ಹೆಚ್ಚಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ ಕೊಡುತ್ತವೆ. ಆಗ 5:30 ಗಂಟೆ ಕೂಡಿಸಲು ಮರೆತರೆ ಇಡೀ ಹೋಲಿಕೆ ವ್ಯರ್ಥ. ವಾಯುಪಡೆಯ ವಿಮಾನಗಳು ಎಷ್ಟೋ ಸಲ ಆ ತಾಣಗಳಲ್ಲಿ ಕಾಣುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಎರಡು ಜಾಗದ ಅಳತೆ. ಐದಾರು ಕಿಲೋಮೀಟರ್ ಅಂತರದ ಇಬ್ಬರು ಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣಕ್ಕೆ ದಿಕ್ಕು ಅಳೆಯಬೇಕು. ನಕ್ಷೆಯಲ್ಲಿ ಗೆರೆಗಳು ಒಂದನ್ನೊಂದು ಕಡಿದರೆ ಅಲ್ಲಿ ವಸ್ತುವಿದೆ. ದೂರವನ್ನು ಎತ್ತರದ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದರೆ ಎತ್ತರ. 10 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ 175 ಮೀಟರ್ ಆಚೀಚೆ. ಗೆರೆಗಳು ಸಮಾನಾಂತರವಾಗಿ ಓಡಿದರೆ ಅದು ಬಹಳ ದೂರದ್ದು, ಸಾಮಾನ್ಯವಾಗಿ ಗ್ರಹ ಇಲ್ಲವೇ ನಕ್ಷತ್ರ.

ಗೆರೆಗಳು ಹತ್ತಿರದಲ್ಲೇ ಕೂಡಿ, ಕೆಂಪು-ಹಸಿರು ದೀಪ ಕಂಡು, ಅರ್ಧ ಗಂಟೆಯೊಳಗೆ ಇಳಿದುಹೋದರೆ ಡ್ರೋನ್ ಎಂದು ಶಂಕಿಸಿ ಅಳತೆಗಳ ಸಮೇತ ಪೊಲೀಸರಿಗೆ ಕೊಡುತ್ತೇನೆ. ಯಾವುದಕ್ಕೂ ಹೊಂದದಿದ್ದರೆ ‘ಗುರುತಿಸಿಲ್ಲ’ ಎಂದಷ್ಟೇ ಬರೆದು, ಮೂಲ ಫೈಲಿನ ಜೊತೆ ತೆಗೆದಿಡುತ್ತೇನೆ.