ಸುಳ್ಳು ಮಗನ ಕರೆಯನ್ನು ನಮ್ಮೂರಿನ ಹಿರಿಯರ ಮನೆಗಳಲ್ಲಿ ತಡೆದ ಬಗೆ: ನನ್ನ ಅನುಭವ

ನನ್ನ ಸೋದರತ್ತೆಯ 85,000 ರೂಪಾಯಿ ಹೋದದ್ದು ಹತ್ತು ನಿಮಿಷದ ಒಂದು ಕರೆಯಲ್ಲಿ. ಆ ಕಡೆಯಿಂದ ಅಳುವ ದನಿಯೊಂದು ‘ಅಮ್ಮಾ’ ಎಂದಿತ್ತು, ಅಷ್ಟೇ. ಬೆಂಗಳೂರಿನಲ್ಲಿರುವ ಮಗನ ಹೆಸರನ್ನು ಗಾಬರಿಯಲ್ಲಿ ಅತ್ತೆಯೇ ಬಾಯಿಬಿಟ್ಟು ಕೇಳಿದ್ದರು. ಆಮೇಲೆ ‘ಇನ್ಸ್‌ಪೆಕ್ಟರ್’ ಮಾತಾಡಿದ. ಮಗನ ಕಾರಿಗೆ ಸಿಕ್ಕವರೊಬ್ಬರು ಆಸ್ಪತ್ರೆಯಲ್ಲಿದ್ದಾರೆ, ಈಗಲೇ ಹಣ ಕಳಿಸಿದರೆ ಕೇಸಾಗುವುದಿಲ್ಲ, ಮಾವನವರಿಗೆ ಹೇಳಬೇಡಿ ಎಂದ. ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುವಾಗ ಎರಡು ದಿನ ಕಳೆದಿತ್ತು, ಹಣ ಹಿಂದಿರುಗಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನ ಮನೆಯಲ್ಲೇ ಹೀಗಾಯಿತಲ್ಲ ಎಂಬ ನೋವಿನಿಂದಲೇ ನಾನು ಸಾಗರದ ಸುತ್ತಲಿನ ಇಪ್ಪತ್ತೆರಡು ಮನೆಗಳಲ್ಲಿ ಈ ಕೆಲಸಕ್ಕೆ ಇಳಿದೆ. ಎಲ್ಲವೂ ತೋಟದ ಮನೆಗಳು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ.

ಮೊದಲು ಎಲ್ಲರೂ ಹೇಳುವ ಗುಟ್ಟಿನ ಪದವನ್ನೇ ಮಾಡಿಸಿದೆ: ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ, ಕರೆ ಮಾಡಿದವನು ಮಗನೇ ಎಂದು ತಿಳಿಯಲು ಅದನ್ನು ಕೇಳಬೇಕು. ಮಕ್ಕಳ ಒಪ್ಪಿಗೆ ಪಡೆದು, ನನ್ನ ತಂಗಿಯ ಮಗನಿಂದ ಹನ್ನೆರಡು ಮನೆಗಳಿಗೆ ಪರೀಕ್ಷೆಯ ಕರೆ ಮಾಡಿಸಿದಾಗ ಏಳೋ ಎಂಟೋ ಮನೆಯವರು ಆ ಪದವನ್ನು ಕೇಳಲೇ ಇಲ್ಲ. ಇಬ್ಬರು ಅದನ್ನು ತಾವೇ ಹೇಳಿಬಿಟ್ಟರು. ಒಬ್ಬ ಅಜ್ಜಿಯಂತೂ ಫೋನಿನ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದನ್ನು ಓದಿ, ‘ಇದೇ ಅಲ್ಲವೇನಪ್ಪಾ?’ ಎಂದು ಕೇಳಿದರು. ಅವರನ್ನು ದೂರುವುದು ಅನ್ಯಾಯ. ಮಗ ಅಳುತ್ತಿದ್ದಾನೆ ಎಂದುಕೊಂಡ ತಾಯಿಗೆ ಅವನನ್ನು ಪರೀಕ್ಷಿಸುವ ಮನಸ್ಸು ಬರುವುದಿಲ್ಲ, ನೆನಪಂತೂ ಮೊದಲೇ ಕೈಕೊಡುತ್ತದೆ.

ಕರೆ ಕತ್ತರಿಸಿ ಮಗನ ಹಳೆಯ ನಂಬರಿಗೆ ತಿರುಗಿ ಫೋನ್ ಮಾಡಬೇಕೆಂಬ ಎರಡನೆಯ ಕ್ರಮವೂ ಅರ್ಧಕ್ಕೆ ನಿಂತಿತು. ನಮ್ಮಲ್ಲಿ ಹಗಲಾದಾಗ ಅಮೆರಿಕದ ಮಗ ನಿದ್ದೆಯಲ್ಲಿರುತ್ತಾನೆ, ಮಳೆಗಾಲದಲ್ಲಿ ಇಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಮಗ ಸಿಗದಿದ್ದರೆ ಅವನು ನಿಜವಾಗಿಯೂ ಠಾಣೆಯಲ್ಲಿದ್ದಾನೆ ಎಂಬ ಭಯ ಇಮ್ಮಡಿಯಾಗುತ್ತದೆ.

ನಡುವೆ ದನಿಯ ಪ್ರಯೋಗವೊಂದನ್ನೂ ಮಾಡಿದೆ. ನೆಂಟರ ಹುಡುಗನೊಬ್ಬನ ಅರ್ಧ ನಿಮಿಷದ ದನಿಯನ್ನು ಅವನ ಒಪ್ಪಿಗೆಯಿಂದಲೇ ಆ್ಯಪ್ ಒಂದಕ್ಕೆ ಕೊಟ್ಟು ನಕಲು ಮಾಡಿಸಿದೆವು. ಉದ್ದದ ವಾಕ್ಯಗಳಲ್ಲಿ ಅದು ಪುಸ್ತಕದ ಕನ್ನಡವನ್ನಾಡಿತು. ಮನೆಮಾತಾದ ಹವಿಗನ್ನಡ ಅದಕ್ಕೆ ಬರಲಿಲ್ಲವಾದ್ದರಿಂದ ಅವನ ತಾಯಿ ಕೂಡಲೇ ಗುರುತಿಸಿದರು. ಆದರೆ ‘ಅಮ್ಮಾ, ನಾನೇ’ ಎಂಬ ಎರಡು ಪದಗಳನ್ನಷ್ಟೇ ಕೇಳಿಸಿದಾಗ ಮನೆಯ ನಾಲ್ವರಲ್ಲಿ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ದನಿಯನ್ನು ನಂಬಿ ಯಾವ ಉಪಾಯವನ್ನೂ ಕಟ್ಟಬಾರದೆಂದು ಅಂದೇ ನಿಶ್ಚಯಿಸಿದೆ.

ಕೊನೆಗೆ ಕೈಹಿಡಿದದ್ದು ಎರಡು ಕೆಲಸಗಳ ಜೋಡಿ. ಮೊದಲನೆಯದು ಹಣವನ್ನು ಫೋನಿನಿಂದ ದೂರವಿಡುವುದು. ಪಿಂಚಣಿ ಮತ್ತು ಅಡಿಕೆಯ ಹಣವಿರುವ ಖಾತೆಯಿಂದ ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ಎರಡನ್ನೂ ತೆಗೆಸಿ, ದಿನಸಿ, ಔಷಧಿಗಳಿಗಾಗಿ ಐದಾರು ಸಾವಿರ ಮಾತ್ರ ಇರುವ ಬೇರೊಂದು ಖಾತೆಯನ್ನು ಫೋನಿಗೆ ಜೋಡಿಸಿದೆವು. ಠೇವಣಿಯನ್ನು ಬ್ಯಾಂಕಿಗೆ ಹೋಗಿಯೇ ಮುರಿಸಬೇಕೆಂದೂ ಬರೆದುಕೊಟ್ಟೆವು. ಶಾಖೆಯೊಂದರಲ್ಲಿ ಇದಕ್ಕಾಗಿ ನನ್ನನ್ನು ನಾಲ್ಕು ಬಾರಿ ಅಲೆಸಿದರು. ‘ಅಮ್ಮನಿಗೆ ಸುಮ್ಮನೆ ತೊಂದರೆ’ ಎಂದು ಹಲವು ಮಕ್ಕಳೂ ಗೊಣಗಿದರು.

ಎರಡನೆಯದು ಮೂವರ ಸರಪಳಿ. ಗುಂಡಿಯ ಮೊಬೈಲೊಂದರ 2, 3, 4ರ ಗುಂಡಿಗಳಿಗೆ ಮಗ, ಸೊಸೆ ಮತ್ತು ಊರಿನೊಳಗಿನ ಒಬ್ಬರ ನಂಬರುಗಳನ್ನು ಕೂರಿಸಿ, ಅದನ್ನು ದೇವರ ಕೋಣೆಯ ಬಾಗಿಲ ಬಳಿ ದಾರ ಕಟ್ಟಿ ತೂಗುಹಾಕಿದೆವು. ಬಂದ ಕರೆಯನ್ನು ಕತ್ತರಿಸಿ ಅಲ್ಲಿಯವರೆಗೆ ನಡೆದುಹೋಗಬೇಕು. ಆ ಹತ್ತು ಹೆಜ್ಜೆಗಳಲ್ಲಿ ಎದೆಬಡಿತ ಇಳಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯೊಂದಕ್ಕೆ ಫೋನು, ಸಿಮ್ಮು ಸೇರಿ ಸುಮಾರು 1,600 ರೂಪಾಯಿ ತಗುಲಿತು. ಮೊದಲ ಆರು ಮನೆಗಳ ಖರ್ಚನ್ನು ನಾನೇ ಹಾಕಿದೆ. ತಿಂಗಳಿಗೊಮ್ಮೆ ಪರೀಕ್ಷೆಯ ಕರೆ ಮಾಡಿ, ಮಾತಿಲ್ಲದೆ ಎದ್ದು ನಡೆಯುವುದು ರೂಢಿಯಾಗುವವರೆಗೆ ಬಿಡಲಿಲ್ಲ. ನಾಲ್ಕನೆಯ ತಿಂಗಳಿಗೆ ಹೆಚ್ಚಿನವರು ಪಳಗಿದರು. ಮೂರನೆಯವರನ್ನು ಆರಿಸುವ ನನ್ನ ರೀತಿಯನ್ನೂ ಅವರು ಮೊದಲು ಕೇಳುವ ಪ್ರಶ್ನೆಯನ್ನೂ ಇಲ್ಲಿ ಬರೆಯುವುದಿಲ್ಲ. ಮೋಸ ಮಾಡುವವರೂ ಕನ್ನಡ ಓದುತ್ತಾರೆ.

ಕಳೆದ ಆಷಾಢದಲ್ಲಿ ನಿಜವಾದ ಕರೆ ಬಂದದ್ದು ಅದೇ ಕ್ಯಾಲೆಂಡರಿನ ಅಜ್ಜಿಗೆ. ವಾಟ್ಸಾಪ್‌ನಲ್ಲಿ ಮೊಮ್ಮಗನ ಚಿತ್ರವೇ ಇತ್ತು, ಹೊಸ ನಂಬರು ಎಂದಿದ್ದರು. ಅಜ್ಜಿ ಕತ್ತರಿಸಿ, ಗೋಡೆ ಹಿಡಿದು ನಡೆದು, 2 ಒತ್ತಿದರು, ಮಗ ಎತ್ತಲಿಲ್ಲ. 3 ಒತ್ತಿದಾಗ ಸೊಸೆ, ‘ಅತ್ತೆ, ನಿಮ್ಮ ಮೊಮ್ಮಗ ಇಲ್ಲೇ ಊಟ ಮಾಡುತ್ತಿದ್ದಾನೆ’ ಎಂದರು. ಆ ಹೊತ್ತಿಗೆ ಅಜ್ಜಿಯ ಫೋನಿನ ಖಾತೆಯಲ್ಲಿದ್ದುದು ಮೂರು ಸಾವಿರದ ಚಿಲ್ಲರೆ. ಹಣ ಹೋಗದಿದ್ದರಿಂದ ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ, ಅನುಮಾನದ ಕರೆಗಳನ್ನು ತಿಳಿಸುವ ‘ಚಕ್ಷು’ವಿನಲ್ಲಿ ದೂರಿದೆವು. ಮೊದಲು ಗೊಣಗಿದ್ದ ಮಕ್ಕಳಲ್ಲಿ ಇಬ್ಬರು ಈಗ ತಮ್ಮ ಅತ್ತೆ ಮಾವಂದಿರ ಮನೆಗೂ ಬರಬೇಕೆಂದು ಕೇಳಿದ್ದಾರೆ. ಅವುಗಳಲ್ಲಿ ಒಂದು ಹೊಸನಗರದ ಕಡೆಯದು, ದೀಪಾವಳಿ ಕಳೆದ ಮೇಲೆ ಹೋಗಬೇಕು.